ಕಸಿಯ ಮರ್ಮವನ್ನರಿತ ಸರ್ ಪೀಟರ್ ಮೆಡವಾರ್

ನಮ್ಮ ಕಾಫಿ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಕಸಿ ಎಂಬ ಮಾತು ಹೊಸದಲ್ಲ. ಮೂಡಿಗೆರೆಯ ಕಡೆಯ ತೋಟಗಳಲ್ಲಿ ಕರಿಮೆಣಸಿನ ಕುಡಿಯನ್ನು ಬ್ರೆಜಿಲ್ ದೇಶದ ಹಿಪ್ಪಲಿಯ ಬೇರಿಗೆ ಕಸಿ ಕಟ್ಟುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಚಾಕುವಿನಿಂದ ಸೀಳಿ, ಕುಡಿಯನ್ನು ಸೇರಿಸಿ, ಪಟ್ಟಿ ಸುತ್ತಿ ನೆರಳಿನಲ್ಲಿಟ್ಟರೆ ಕೆಲವು ವಾರಗಳಲ್ಲಿ ಎರಡು ಜೀವಗಳು ಒಂದಾಗಿ ಚಿಗುರುತ್ತವೆ. ಬೇರು ತನ್ನದಲ್ಲದ ಕುಡಿಯನ್ನು ನೀನು ಯಾರೆಂದು ಕೇಳುವುದಿಲ್ಲ. ಮನುಷ್ಯನ ಮೈ ಹಾಗಲ್ಲ. ಒಬ್ಬನ ಚರ್ಮದ ತುಣುಕನ್ನು ಇನ್ನೊಬ್ಬನ ಮೈಗೆ ಹಚ್ಚಿದರೆ ಮೊದಮೊದಲು ಹಿಡಿದಂತೆ ಕಂಡರೂ ಕೆಲವೇ ದಿನಗಳಲ್ಲಿ ಕಪ್ಪಾಗಿ ಉದುರಿಹೋಗುತ್ತದೆ. ಗಿಡಕ್ಕೆ ಒಪ್ಪಿದುದು ಮನುಷ್ಯನಿಗೆ ಏಕೆ ಒಪ್ಪದು? ಈ ಒಂದು ಪ್ರಶ್ನೆಗೆ ತಮ್ಮ ಬಾಳನ್ನು ಮುಡಿಪಾಗಿಟ್ಟ ವಿಜ್ಞಾನಿ ಸರ್ ಪೀಟರ್ ಮೆಡವಾರ್ ಅವರ ಜೀವನವನ್ನು ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡುವುದು ಈ ಲೇಖನದ ಉದ್ದೇಶ.

ಇತಿಹಾಸವನ್ನೂ ಕನ್ನಡವನ್ನೂ ಓದುವ ಬಿ.ಎ. ವಿದ್ಯಾರ್ಥಿಗೆ ಈ ವಿಷಯವೇಕೆ ಎಂದು ಯಾರಾದರೂ ಕೇಳಿಯಾರು. ಅದಕ್ಕೆ ಕಾರಣವುಂಟು. ನಾನು ಪಿ.ಯು.ಸಿ. ಓದುತ್ತಿದ್ದ ವರ್ಷ, ಕಳಸದ ಹತ್ತಿರದ ಒಂದು ತೋಟದಲ್ಲಿ ಹಣ್ಣು ಸುಲಿಯುವ ಪಲ್ಪರ್ ಯಂತ್ರಕ್ಕೆ ಸಿಕ್ಕಿ ನನ್ನ ತಂದೆಯವರ ಬಲಗೈ ಮಣಿಕಟ್ಟಿನಿಂದ ಹೋಯಿತು. ಸತ್ತವರ ಕೈಯನ್ನು ಬದುಕಿದ್ದವರಿಗೆ ಜೋಡಿಸುತ್ತಾರೆಂಬ ಸುದ್ದಿಯನ್ನು ಯಾರೋ ಪತ್ರಿಕೆಯಲ್ಲಿ ಓದಿ ನಮಗೆ ಹೇಳಿದರು. ಸಾಲ ಮಾಡಿ, ಬಸ್ಸು ರೈಲುಗಳನ್ನು ಹಿಡಿದು, ತಂದೆಯವರನ್ನು ಹೊರರಾಜ್ಯದ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯ ವೈದ್ಯರು ಸಾವಧಾನವಾಗಿ ಎಲ್ಲವನ್ನೂ ವಿವರಿಸಿ, ಯೋಚಿಸಿ ಬನ್ನಿರೆಂದು ಇಂಗ್ಲಿಷಿನ ಒಂದು ಕೈಪಿಡಿಯನ್ನು ಕೊಟ್ಟರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದುದರಿಂದ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಹೊಣೆ ನನ್ನ ಮೇಲೆಯೇ ಬಿದ್ದಿತು. ಅದರಲ್ಲಿ ಕೈ ಜೋಡಿಸುವ ವಿಷಯಕ್ಕಿಂತ ಜ್ವರ, ಕೀವು, ಕ್ಷಯ, ಬೂಷ್ಟು ಮೊದಲಾದ ಸೋಂಕುಗಳ ವಿಷಯವೇ ಹೆಚ್ಚಾಗಿತ್ತು. ಕೈಯನ್ನು ಉಳಿಸುವ ಔಷಧಿಯೇ ಸೋಂಕಿಗೆ ಬಾಗಿಲು ತೆರೆಯುವುದೇಕೆಂದು ತಂದೆಯವರು ಕೇಳಿದರು. ನನಗೆ ಉತ್ತರ ತಿಳಿಯಲಿಲ್ಲ. ಆ ಉತ್ತರವನ್ನು ಹುಡುಕುತ್ತ ಹೋದಾಗ ಸಿಕ್ಕಿದವರು ಮೆಡವಾರ್.

ಕತ್ತರಿಸಿದ ಕೈ ಮರಳಿ ಬಂದ ಕಥೆ ನಮ್ಮ ನಾಡಿನಲ್ಲಿ ಹಳೆಯದು. ಚಿಕ್ಕಮಗಳೂರಿಗೆ ಹತ್ತಿರವಾದ ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಮೂರ್ತಿಯನ್ನು ನೋಡಿದವರೆಲ್ಲರೂ ಅಮರಶಿಲ್ಪಿ ಜಕಣಾಚಾರಿಯ ಐತಿಹ್ಯವನ್ನು ಬಲ್ಲರು. ಕಲ್ಲಿನಲ್ಲಿ ದೋಷವಿದೆಯೆಂದು ತರುಣನೊಬ್ಬನು ತೋರಿಸಿಕೊಡಲು, ಕೊಟ್ಟ ಮಾತಿನಂತೆ ಜಕಣನು ತನ್ನ ಬಲಗೈಯನ್ನು ಕಡಿದುಕೊಂಡನಂತೆ. ತರುವಾಯ ತುಮಕೂರಿನ ಬಳಿಯ ಕ್ರೀಡಾಪುರದಲ್ಲಿ ಚೆನ್ನಕೇಶವನ ಗುಡಿಯನ್ನು ಕಟ್ಟಿದಾಗ ದೇವರ ಕೃಪೆಯಿಂದ ಕೈ ಮರಳಿ ಬಂದು, ಆ ಊರು ಕೈದಾಳವೆಂದು ಹೆಸರಾಯಿತಂತೆ. ಆದರೆ ದೇವರು ಜಕಣನಿಗೆ ಕೊಟ್ಟುದು ಜಕಣನ ಕೈಯನ್ನೇ. ವೈದ್ಯರು ಕೊಡಬಲ್ಲುದು ಇನ್ನೊಬ್ಬರ ಕೈಯನ್ನು. ಈ ತನ್ನದು ಮತ್ತು ಅನ್ಯರದು ಎಂಬ ಭೇದವನ್ನು ಮೈ ಹೇಗೆ ತಿಳಿಯುತ್ತದೆಂಬುದೇ ಮೆಡವಾರ್ ಅವರ ಜೀವನದ ಕಥೆ.

ಪೀಟರ್ ಬ್ರಯನ್ ಮೆಡವಾರ್ ಅವರು ೧೯೧೫ನೆಯ ಇಸವಿ ಫೆಬ್ರವರಿ ೨೮ರಂದು ಜನಿಸಿದರು. ಹುಟ್ಟಿದ್ದು ನಮ್ಮ ಹಿಪ್ಪಲಿ ಬೇರಿನ ತವರಾದ, ಕಾಫಿಗೂ ಹೆಸರಾದ ಬ್ರೆಜಿಲ್ ದೇಶದಲ್ಲಿ. ತಂದೆ ಲೆಬನಾನ್ ಮೂಲದ ವ್ಯಾಪಾರಸ್ಥರು, ತಾಯಿ ಇಂಗ್ಲೆಂಡಿನವರು. ಬಾಲ್ಯದಲ್ಲಿಯೇ ಇಂಗ್ಲೆಂಡಿಗೆ ಬಂದು ಮಾರ್ಲ್‌ಬರೋ ಶಾಲೆಯಲ್ಲಿ ಓದಿದರು. ಆ ವಸತಿ ಶಾಲೆಯ ಜೀವನ ಅವರಿಗೆ ಹಿತವಾಗಲಿಲ್ಲ. ೧೯೩೨ರಲ್ಲಿ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜನ್ನು ಸೇರಿ ಪ್ರಾಣಿಶಾಸ್ತ್ರದಲ್ಲಿ ಪ್ರಥಮ ವರ್ಗದಲ್ಲಿ ಉತ್ತೀರ್ಣರಾದರು. ಅನಂತರ, ಪೆನಿಸಿಲಿನ್ನನ್ನು ಔಷಧಿಯಾಗಿ ಲೋಕಕ್ಕೆ ಕೊಟ್ಟ ಹೊವರ್ಡ್ ಫ್ಲೋರಿಯವರ ಪ್ರಯೋಗಶಾಲೆಯಲ್ಲಿ ಸಂಶೋಧನೆಗೆ ನಿಂತರು. ೧೯೩೭ರಲ್ಲಿ ಸಹಪಾಠಿಯಾಗಿದ್ದ ಜೀನ್ ಎಂಬಾಕೆಯನ್ನು ವಿವಾಹವಾದರು. ಆಳು ಆರಡಿಗೂ ಮೀರಿದ ಎತ್ತರ. ಕ್ರಿಕೆಟ್ಟಿನಲ್ಲಿಯೂ ಸಂಗೀತ ನಾಟಕಗಳಲ್ಲಿಯೂ ಅವರಿಗೆ ಬಹಳ ಆಸಕ್ತಿ. ವಿಜ್ಞಾನಿಯೆಂದರೆ ರಸಹೀನನಾದ ಮನುಷ್ಯನೆಂಬ ನಮ್ಮ ಕಲ್ಪನೆಗೆ ಮೆಡವಾರ್ ಒಪ್ಪುವುದಿಲ್ಲ.

ಎರಡನೆಯ ಮಹಾಯುದ್ಧವು ಅವರ ಜೀವನದ ದಾರಿಯನ್ನು ತಿರುಗಿಸಿತು. ೧೯೪೦ರ ಬೇಸಗೆಯಲ್ಲಿ ಆಕ್ಸ್‌ಫರ್ಡಿನ ಅವರ ಮನೆಯ ಸಮೀಪದಲ್ಲಿ ಯುದ್ಧವಿಮಾನವೊಂದು ಉರುಳಿಬಿದ್ದಿತು. ಅದರಲ್ಲಿದ್ದ ವಾಯುಸೈನಿಕನ ಮೈಯೆಲ್ಲ ಸುಟ್ಟುಹೋಗಿದ್ದಿತು. ಅವನನ್ನು ನೋಡಿಕೊಳ್ಳುತ್ತಿದ್ದ ವೈದ್ಯರೊಬ್ಬರು ಮೆಡವಾರರ ಸಲಹೆಯನ್ನು ಕೇಳಿದರು. ಚರ್ಮ ಸುಟ್ಟವನನ್ನು ಕೊಲ್ಲುವುದು ಬಹಳ ಸಲ ಬೆಂಕಿಯಲ್ಲ. ಚರ್ಮವೆಂಬ ಗೋಡೆ ಬಿದ್ದ ಮೇಲೆ ಒಳನುಗ್ಗುವ ರೋಗಾಣುಗಳು. ಗಾಯವನ್ನು ಮುಚ್ಚಲು ಅವನದೇ ಚರ್ಮ ಸಾಲದು. ಇತರರ ಚರ್ಮ ನಿಲ್ಲದು. ಏಕೆ ನಿಲ್ಲದು ಎಂಬ ಪ್ರಶ್ನೆ ಮೆಡವಾರರ ಮನಸ್ಸನ್ನು ಹಿಡಿಯಿತು. ಮುಂದೆ ಅವರನ್ನು ಬಿಡಲಿಲ್ಲ.

ಅವರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ರಾಯಲ್ ಇನ್‌ಫರ್ಮರಿಗೆ ಹೋಗಿ ಥಾಮಸ್ ಗಿಬ್ಸನ್ ಎಂಬ ಶಸ್ತ್ರವೈದ್ಯರೊಡನೆ ಕೆಲಸ ಮಾಡಿದರು. ಅಲ್ಲಿ ಸುಟ್ಟಗಾಯದಿಂದ ನರಳುತ್ತಿದ್ದ ಯುವತಿಯೊಬ್ಬಳಿಗೆ ಅವಳ ಸೋದರನ ಚರ್ಮದ ಚಿಕ್ಕ ಚಿಕ್ಕ ತುಣುಕುಗಳನ್ನು ಹಚ್ಚಿ ನೋಡಿದರು. ಅವು ಕೆಲವು ದಿನ ನಿಂತು ಹಾಳಾದವು. ಅದೇ ಸೋದರನ ಚರ್ಮವನ್ನು ಎರಡನೆಯ ಸಲ ಹಚ್ಚಿದಾಗ ಅದು ಮೊದಲಿಗಿಂತಲೂ ಬೇಗನೆ ಹಾಳಾಯಿತು. ಇದು ನೋಡಲು ಸಣ್ಣ ಸಂಗತಿ. ಮೆಡವಾರರಿಗೆ ಇದರಲ್ಲಿಯೇ ಬೆಳಕು ಕಂಡಿತು. ಒಮ್ಮೆ ಸಿಡುಬು ಬಂದವನ ಮೈ ಆ ರೋಗವನ್ನು ನೆನಪಿನಲ್ಲಿಟ್ಟುಕೊಂಡು ಮತ್ತೊಮ್ಮೆ ಬಂದಾಗ ಕೂಡಲೇ ಹೊಡೆದಟ್ಟುತ್ತದೆ. ಹಾಗೆಯೇ ಇಲ್ಲಿಯೂ ಮೈ ಸೋದರನ ಚರ್ಮವನ್ನು ನೆನಪಿಟ್ಟುಕೊಂಡಿತ್ತು. ಅಂದ ಮೇಲೆ ರೋಗಾಣುಗಳನ್ನು ಅಟ್ಟುವ ಶಕ್ತಿ ಮತ್ತು ಪರರ ಚರ್ಮವನ್ನು ಅಟ್ಟುವ ಶಕ್ತಿ ಬೇರೆ ಬೇರೆಯಲ್ಲ, ಎರಡೂ ಒಂದೇ. ೧೯೪೩ರಲ್ಲಿ ಗಿಬ್ಸನ್ ಮತ್ತು ಮೆಡವಾರ್ ಈ ಸಂಗತಿಯನ್ನು ಪ್ರಕಟಿಸಿದರು. ಬಳಿಕ ಮೆಡವಾರರು ಮೊಲಗಳ ಮೇಲೆ ನೂರಾರು ಸಲ ಪ್ರಯೋಗ ಮಾಡಿ ಅದನ್ನು ದೃಢಪಡಿಸಿದರು.

ನನ್ನ ತಂದೆಯವರ ಪ್ರಶ್ನೆಗೆ ಉತ್ತರವು ಇಲ್ಲಿಯೇ ಅಡಗಿದೆ. ತೋಟದ ಬೇಲಿ ಹಂದಿಯನ್ನೂ ತಡೆಯುತ್ತದೆ, ನೆಂಟನನ್ನೂ ತಡೆಯುತ್ತದೆ. ಗೇಟಿಲ್ಲದ ಬೇಲಿಯಾದರೆ ನೆಂಟನನ್ನು ಕರೆದುಕೊಳ್ಳಲು ಬೇಲಿಯನ್ನೇ ತಗ್ಗಿಸಬೇಕು. ತಗ್ಗಿಸಿದ ಕಡೆಯಿಂದ ಹಂದಿಯೂ ಬರುತ್ತದೆ. ಪರರ ಕೈ ಮೈಗೆ ಹತ್ತಬೇಕಾದರೆ ಮೈಯ ಕಾವಲನ್ನು ತಗ್ಗಿಸಬೇಕು. ಆಗ ರೋಗಾಣುಗಳಿಗೂ ಎಡೆ ಸಿಕ್ಕಿದಂತಾಯಿತು.

ಬೇಲಿಯನ್ನು ತಗ್ಗಿಸದೆ ನೆಂಟನಿಗೆ ಮಾತ್ರ ಒಂದು ಗೇಟನ್ನಿಡಲು ಸಾಧ್ಯವೆ? ಮೆಡವಾರರ ಮುಂದಿನ ಸಾಹಸವು ಇದೇ. ೧೯೪೭ರಲ್ಲಿ ಅವರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು. ಆ ವೇಳೆಗೆ ದನಗಳ ಅವಳಿ ಕರುಗಳಲ್ಲಿ ಒಂದೇ ತತ್ತಿಯವು ಯಾವುವು, ಎರಡು ತತ್ತಿಯವು ಯಾವುವು ಎಂದು ಗುರುತಿಸುವ ಸಮಸ್ಯೆಯೊಂದು ಅವರ ಮುಂದೆ ಬಂದಿತು. ಚರ್ಮದ ಕಸಿ ಮಾಡಿದರೆ ತಿಳಿಯುವುದೆಂದು ಅವರು ಭಾವಿಸಿದರು. ಒಂದೇ ತತ್ತಿಯವಾದರೆ ಕಸಿ ನಿಲ್ಲಬೇಕು, ಇಲ್ಲವಾದರೆ ಉದುರಬೇಕು. ರೂಪರ್ಟ್ ಬಿಲ್ಲಿಂಗ್‌ಹ್ಯಾಮ್ ಎಂಬ ತಮ್ಮ ಶಿಷ್ಯನೊಡನೆ ಹಳ್ಳಿಯ ಕೊಟ್ಟಿಗೆಗೆ ಹೋಗಿ ಪ್ರಯೋಗ ಮಾಡಿದರು. ಎಣಿಕೆ ತಪ್ಪಾಯಿತು. ಒಂದು ಗಂಡು ಒಂದು ಹೆಣ್ಣು ಆಗಿದ್ದ ಅವಳಿಗಳಲ್ಲಿಯೂ ಕಸಿ ನಿಂತುಬಿಟ್ಟಿತು. ದನಗಳ ಅವಳಿ ಕರುಗಳು ಗರ್ಭದಲ್ಲಿರುವಾಗ ಒಂದರ ರಕ್ತ ಇನ್ನೊಂದಕ್ಕೆ ಹರಿಯುತ್ತದೆಂದು ಅಮೆರಿಕದ ರೇ ಓವೆನ್ ೧೯೪೫ರಲ್ಲಿ ತೋರಿಸಿದ್ದರು. ಹುಟ್ಟುವ ಮುನ್ನ ಪರಿಚಯವಾದುದನ್ನು ಮೈ ತನ್ನದೆಂದೇ ತಿಳಿಯುವುದೆಂದು ಆಸ್ಟ್ರೇಲಿಯದ ಮ್ಯಾಕ್‌ಫಾರ್ಲೇನ್ ಬರ್ನೆಟ್ ಅವರು ಊಹಿಸಿದ್ದರು. ಕೊಟ್ಟಿಗೆಯ ಕರುಗಳು ಆ ಊಹೆಗೆ ಸಾಕ್ಷಿ ನುಡಿದವು.

೧೯೫೧ರಲ್ಲಿ ಮೆಡವಾರರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಬಂದರು. ಬಿಲ್ಲಿಂಗ್‌ಹ್ಯಾಮ್ ಜೊತೆಗಿದ್ದರು. ಹಿಟ್ಲರನ ಜರ್ಮನಿಯಿಂದ ಬಾಲಕನಾಗಿ ಪಾರಾಗಿ ಬಂದ ಲೆಸ್ಲಿ ಬ್ರೆಂಟ್ ಎಂಬ ವಿದ್ಯಾರ್ಥಿಯೂ ಸೇರಿದನು. ಈ ಮೂವರೂ ಕೂಡಿ ಒಂದು ಜಾತಿಯ ಇಲಿಯ ಗರ್ಭದಲ್ಲಿದ್ದ ಮರಿಗಳಿಗೆ ಇನ್ನೊಂದು ಜಾತಿಯ ಇಲಿಯ ಜೀವಕೋಶಗಳನ್ನು ಚುಚ್ಚಿದರು. ಮರಿಗಳು ಹುಟ್ಟಿ ಬೆಳೆದ ಮೇಲೆ ಆ ಜಾತಿಯ ಚರ್ಮವನ್ನು ಹಚ್ಚಿದಾಗ ಅದು ನಿಂತಿತು. ಬೇರೆ ಮೂರನೆಯ ಜಾತಿಯ ಚರ್ಮವನ್ನು ಅದೇ ಇಲಿ ಎಂದಿನಂತೆ ಹೊರದೂಡಿತು. ಎಂದರೆ ಬೇಲಿ ಹಾಗೆಯೇ ನಿಂತಿತ್ತು. ಒಬ್ಬ ನೆಂಟನಿಗೆ ಮಾತ್ರ ಗೇಟು ತೆರೆದಿತ್ತು. ಇದಕ್ಕೆ ಅವರು ಸಹಿಷ್ಣುತೆ ಎಂಬ ಅರ್ಥದ ಹೆಸರನ್ನಿಟ್ಟು ೧೯೫೩ರಲ್ಲಿ ಪ್ರಕಟಿಸಿದರು. ೧೯೬೦ರಲ್ಲಿ ಬರ್ನೆಟ್ ಮತ್ತು ಮೆಡವಾರ್ ಅವರಿಗೆ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ತಮ್ಮ ಪಾಲಿಗೆ ಬಂದ ಹಣವನ್ನು ಮೆಡವಾರರು ಬಿಲ್ಲಿಂಗ್‌ಹ್ಯಾಮ್ ಮತ್ತು ಬ್ರೆಂಟ್ ಅವರೊಡನೆ ಹಂಚಿಕೊಂಡರು. ಗುರುವಾದವನು ಶಿಷ್ಯರ ದುಡಿಮೆಯನ್ನು ಮರೆಯಲಿಲ್ಲವೆಂಬುದು ನಮ್ಮಂಥವರ ನೆನಪಿನಲ್ಲಿ ನಿಲ್ಲಬೇಕಾದ ಸಂಗತಿ.

ಆದರೆ ಗರ್ಭದಲ್ಲಿರುವ ಇಲಿಗೆ ಮಾಡಿದುದನ್ನು ಬೆಳೆದ ಮನುಷ್ಯನಿಗೆ ಮಾಡಲಾದೀತೆ? ನಾಳೆ ಯಾರ ಕೈ ಹೋಗುವುದೆಂದು ಯಾರು ಬಲ್ಲರು? ಆದುದರಿಂದ ಬೇಲಿಯನ್ನು ತಗ್ಗಿಸುವ ದಾರಿಯೇ ವೈದ್ಯರಿಗೆ ಉಳಿಯಿತು. ಆ ದಾರಿಯಲ್ಲಿಯೂ ಮೆಡವಾರರ ಹೆಜ್ಜೆಗಳಿವೆ. ಕಾರ್ಟಿಸೋನ್ ಎಂಬ ಔಷಧಿಯಿಂದ ಮೊಲಗಳಲ್ಲಿ ಕಸಿಯ ಚರ್ಮ ಹೆಚ್ಚು ದಿನ ಉಳಿಯುವುದೆಂದು ಅವರೂ ಅವರ ಸಂಗಡಿಗರೂ ೧೯೫೧ರಲ್ಲಿಯೇ ತೋರಿಸಿದ್ದರು. ೧೯೬೨ರಲ್ಲಿ ಅವರು ಲಂಡನ್ನಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನ ಸಂಸ್ಥೆಯ ನಿರ್ದೇಶಕರಾದರು. ಅಲ್ಲಿ ಲಿಂಫೋಸೈಟ್ ಎಂಬ ಬಿಳಿಯ ರಕ್ತಕಣಗಳನ್ನು ಅಡಗಿಸುವ ಸೀರಮ್ಮಿನ ಮೇಲೆ ಕೆಲಸ ಮಾಡಿದರು. ಮೈಯ ಕಾವಲುಗಾರರು ಈ ಕಣಗಳೇ. ಅಂತಹ ಸೀರಮ್ಮನ್ನು ಇಂದಿಗೂ ಕೈಕಸಿಯ ಆರಂಭದಲ್ಲಿ ಅನೇಕ ಕಡೆ ಬಳಸುತ್ತಾರೆ.

ಮುಂದೆ ಬಂದ ಎರಡು ಮುಖ್ಯ ಔಷಧಿಗಳು ಮಣ್ಣಿನಿಂದಲೇ ಬಂದವು. ನಾರ್ವೆ ದೇಶದ ಮಣ್ಣಿನಲ್ಲಿ ಸಿಕ್ಕಿದ ಬೂಷ್ಟಿನಿಂದ ಸೈಕ್ಲೋಸ್ಪೋರಿನ್, ಜಪಾನಿನ ತ್ಸುಕುಬಾ ಎಂಬಲ್ಲಿಯ ಮಣ್ಣಿನ ಸೂಕ್ಷ್ಮಜೀವಿಯಿಂದ ೧೯೮೪ರಲ್ಲಿ ಟ್ಯಾಕ್ರೊಲಿಮಸ್ ದೊರೆತವು. ೧೯೬೪ರಲ್ಲಿ ಈಕ್ವೆಡಾರ್ ದೇಶದಲ್ಲಿ ಜೋಡಿಸಿದ ಕೈ ಕೆಲವೇ ವಾರಗಳಲ್ಲಿ ಹೋಗಿಬಿಟ್ಟಿತ್ತು. ಹೊಸ ಔಷಧಿಗಳು ಬಂದ ಮೇಲೆ ೧೯೯೮ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಕೈಕಸಿಯನ್ನು ಮತ್ತೆ ಮಾಡಿದರು. ಈ ಬಾರಿ ಕೈ ಹಿಡಿಯಿತು. ಆದರೆ ಆ ಮನುಷ್ಯನು ಔಷಧಿಯನ್ನು ಬಿಟ್ಟುದರಿಂದ ೨೦೦೧ರಲ್ಲಿ ಆ ಕೈಯನ್ನು ತೆಗೆಯಬೇಕಾಯಿತು. ನಮ್ಮ ದೇಶದಲ್ಲಿ ೨೦೧೫ರ ಜನವರಿಯಲ್ಲಿ ಕೊಚ್ಚಿಯ ಅಮೃತಾ ವೈದ್ಯಕೀಯ ಸಂಸ್ಥೆಯಲ್ಲಿ ಡಾ. ಸುಬ್ರಮಣ್ಯ ಅಯ್ಯರ್ ಅವರ ತಂಡವು ಮೊದಲ ಕೈಕಸಿಯನ್ನು ಮಾಡಿತು. ಆಮೇಲೆ ನಮ್ಮ ಕರ್ನಾಟಕದವರೂ ಅಲ್ಲಿಗೆ ಹೋಗಿ ಕೈಗಳನ್ನು ಪಡೆದು ಬಂದಿದ್ದಾರೆ. ಮತ್ತೆ ಬರೆಯುತ್ತಿದ್ದಾರೆ, ಅನ್ನ ಕಲಸಿ ಉಣ್ಣುತ್ತಿದ್ದಾರೆ. ಇದು ಸಾಮಾನ್ಯವಾದ ಮಾತಲ್ಲ.

ಇನ್ನು ಬೆಲೆಯ ವಿಷಯ. ಅಂಗಗಳಲ್ಲಿ ಚರ್ಮವು ಮೈಯನ್ನು ಅತಿ ಹೆಚ್ಚಾಗಿ ಕೆರಳಿಸುವಂಥದು. ಕೈಯಲ್ಲಿ ಚರ್ಮವೇ ಬಹಳ. ಆದುದರಿಂದ ಔಷಧಿಗಳನ್ನು ಬಾಳಿನುದ್ದಕ್ಕೂ ಬಿಡುವಂತಿಲ್ಲ. ಮೊದಲನೆಯ ತಿಂಗಳಿನಲ್ಲಿ ಗಾಯದ ಮತ್ತು ಆಸ್ಪತ್ರೆಯ ಸೋಂಕುಗಳ ಭಯ. ಅಲ್ಲಿಂದ ಆರು ತಿಂಗಳವರೆಗೆ, ಆರೋಗ್ಯವಂತರಲ್ಲಿ ಸದ್ದಿಲ್ಲದೆ ಮಲಗಿರುವ ರೋಗಾಣುಗಳು ಏಳುವ ಕಾಲ. ಸೈಟೊಮೆಗಾಲೊ ಎಂಬ ವೈರಸ್ ನಮ್ಮಲ್ಲಿ ಬಹುಮಂದಿಯ ಮೈಯಲ್ಲಿದ್ದರೂ ತೊಂದರೆ ಕೊಡುವುದಿಲ್ಲ. ಕಾವಲು ತಗ್ಗಿದಾಗ ಅದೇ ಜ್ವರ ತರಿಸಿ ಕರುಳನ್ನೂ ಶ್ವಾಸಕೋಶವನ್ನೂ ಕೆಡಿಸಬಲ್ಲುದು. ದಾನ ಬಂದ ಕೈಯೊಡನೆಯೇ ಅದು ಬರುವುದೂ ಉಂಟು. ಹಳೆಯ ಕ್ಷಯ ಮರುಕಳಿಸಬಹುದು. ಸರ್ಪಸುತ್ತು ಏಳಬಹುದು. ಉಗುರಿಗೂ ಚರ್ಮಕ್ಕೂ ಬೂಷ್ಟು ಹತ್ತಬಹುದು. ಇವುಗಳನ್ನು ತಡೆಯಲು ಮುಂಚಿತವಾಗಿಯೇ ಬೇರೆ ಮಾತ್ರೆಗಳನ್ನು ಕೊಡುತ್ತಾರೆ. ರಕ್ತವನ್ನು ಪದೇ ಪದೇ ಪರೀಕ್ಷಿಸುತ್ತಾರೆ. ಸೋಂಕು ಜೋರಾದರೆ ಕಾವಲು ತಗ್ಗಿಸುವ ಔಷಧಿಯನ್ನು ಕಡಿಮೆ ಮಾಡಬೇಕು. ಕಡಿಮೆ ಮಾಡಿದರೆ ಕೈಯನ್ನು ಮೈ ತಿರಸ್ಕರಿಸತೊಡಗುತ್ತದೆ. ಈ ತಕ್ಕಡಿಯನ್ನು ಪ್ರತಿದಿನವೂ ಹಿಡಿದು ನಿಲ್ಲಬೇಕು. ೨೦೦೯ರಲ್ಲಿ ಪ್ಯಾರಿಸ್ಸಿನಲ್ಲಿ ಮುಖವನ್ನೂ ಎರಡು ಕೈಗಳನ್ನೂ ಒಟ್ಟಿಗೆ ಕಸಿ ಮಾಡಿಸಿಕೊಂಡವನೊಬ್ಬನು ಸೋಂಕಿನ ಚಿಕಿತ್ಸೆಯ ನಡುವೆಯೇ ಸುಮಾರು ಎರಡು ತಿಂಗಳಲ್ಲಿ ತೀರಿಕೊಂಡನು. ಮೂತ್ರಪಿಂಡ ಕೆಟ್ಟವನು ಪ್ರಾಣ ಉಳಿಸಿಕೊಳ್ಳಲು ಈ ಅಪಾಯವನ್ನು ಹೊರುತ್ತಾನೆ. ಕೈ ಹೋದವನ ಪ್ರಾಣಕ್ಕೆ ಅಪಾಯವಿಲ್ಲ. ಕೈಗಾಗಿ ಅವನು ಅಪಾಯವನ್ನು ತಾನಾಗಿ ತಂದುಕೊಳ್ಳಬೇಕು. ಇದೇ ಕೈಕಸಿಯ ಕಠಿಣವಾದ ಧರ್ಮಸೂಕ್ಷ್ಮ.

ಕೈಕಸಿ ಹೀಗೆ ಕೈಗೂಡಿದ್ದನ್ನು ನೋಡಲು ಮೆಡವಾರರು ಬದುಕಿರಲಿಲ್ಲ. ೧೯೬೯ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ಅಧ್ಯಕ್ಷರಾಗಿ ಎಕ್ಸೆಟರ್ ನಗರದ ದೊಡ್ಡ ಚರ್ಚಿನಲ್ಲಿ ಧರ್ಮಗ್ರಂಥದ ಪಾಠವನ್ನು ಓದುತ್ತಿದ್ದಾಗ ಅವರಿಗೆ ಮಿದುಳಿನಲ್ಲಿ ರಕ್ತಸ್ರಾವವಾಯಿತು. ಆಗ ಅವರಿಗೆ ೫೪ ವರ್ಷ. ಎಡಗೈ ಎಡಗಾಲುಗಳ ಸ್ವಾಧೀನ ತಪ್ಪಿತು, ದೃಷ್ಟಿಯೂ ಕುಂದಿತು. ಪರರ ಅಂಗ ಮೈಗೆ ಹತ್ತುವ ಬಗೆಯನ್ನು ಹುಡುಕಿದವರಿಗೆ ತಮ್ಮ ಕೈಯೇ ತಮ್ಮದಲ್ಲದಂತಾಯಿತು. ೧೯೭೧ರಲ್ಲಿ ನಿರ್ದೇಶಕರ ಪದವಿಯನ್ನು ಬಿಟ್ಟರೂ ಪ್ರಯೋಗಶಾಲೆಯನ್ನು ಬಿಡಲಿಲ್ಲ. ಪತ್ನಿ ಜೀನ್ ಅವರಿಗೆ ಊರುಗೋಲಾದರು. ತರುಣ ವಿಜ್ಞಾನಿಗಳಿಗೆ ಬುದ್ಧಿವಾದ ಹೇಳುವ ಪುಸ್ತಕವನ್ನು ೧೯೭೯ರಲ್ಲಿಯೂ, ತಮ್ಮ ಆತ್ಮಕಥೆಯನ್ನು ೧೯೮೬ರಲ್ಲಿಯೂ ಹೊರತಂದರು. ನಡುವೆ ಮತ್ತೆ ಮತ್ತೆ ಲಕ್ವ ಹೊಡೆದರೂ ಅವರ ಬರವಣಿಗೆಯ ತಿಳಿಹಾಸ್ಯವು ಬತ್ತಲಿಲ್ಲವೆಂದು ಓದಿದವರೆಲ್ಲರೂ ಒಪ್ಪುತ್ತಾರೆ. ೧೯೮೭ರ ಅಕ್ಟೋಬರ್ ೨ರಂದು ಲಂಡನ್ನಿನಲ್ಲಿ ಕಾಲವಾದರು.

ನನ್ನ ತಂದೆಯವರ ಮಾತನ್ನು ಹೇಳಿ ಮುಗಿಸುತ್ತೇನೆ. ಬೇಲಿಯ ಉಪಮೆಯಿಂದ ಎಲ್ಲವನ್ನೂ ವಿವರಿಸಿದೆ. ಮಣ್ಣು, ಗೊಬ್ಬರದ ಗುಂಡಿ, ಕೊಟ್ಟಿಗೆ, ಕೊಳೆತ ಎಲೆ ಇವುಗಳಿಂದ ದೂರವಿರಬೇಕೆಂದು ವೈದ್ಯರು ಹೇಳಿದ್ದನ್ನೂ ನೆನಪಿಸಿದೆ. ಮಳೆಗಾಲದಲ್ಲಿ ಇಲಿಜ್ವರ, ಬೇಸಗೆಯಲ್ಲಿ ಮಂಗನ ಕಾಯಿಲೆ ಕಾಣಿಸಿಕೊಳ್ಳುವ ಸೀಮೆ ನಮ್ಮದು. ತಂದೆಯವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ಕೈ ಬೇಕಾಗಿದ್ದುದು ಮಣ್ಣಿನ ಕೆಲಸಕ್ಕೆ, ಮಣ್ಣನ್ನೇ ಬಿಟ್ಟು ಕೈಯನ್ನು ಇಟ್ಟುಕೊಂಡು ಏನು ಮಾಡಲಿ ಎಂದರು. ಎಡಗೈ ಇದೆಯಲ್ಲ ಎಂದೂ ಸೇರಿಸಿದರು. ಎರಡು ಕೈಗಳನ್ನೂ ಕಳೆದುಕೊಂಡವರು ಬೇರೆ ರೀತಿ ನಿರ್ಧರಿಸಿದರೆ ಅದು ಅವರ ಮಟ್ಟಿಗೆ ಸರಿಯೇ. ವೈದ್ಯರೂ ಅಂಥವರಿಗೇ ಈ ಚಿಕಿತ್ಸೆಯಿಂದ ಹೆಚ್ಚು ಪ್ರಯೋಜನವೆಂದು ಹೇಳಿದರು. ನಮ್ಮದು ನಮ್ಮ ಲೆಕ್ಕ. ಆ ನಿರ್ಧಾರ ಸರಿಯೋ ತಪ್ಪೋ ಎಂದು ನಾನು ಈಗಲೂ ಕೆಲವು ರಾತ್ರಿ ಯೋಚಿಸುತ್ತೇನೆ. ಅಜ್ಞಾನದಿಂದ ಮಾಡಿದ ನಿರ್ಧಾರ ಅಲ್ಲವೆಂಬುದು ಮಾತ್ರ ನನಗೆ ಸಮಾಧಾನ.

ಮೆಡವಾರರು ಇಲಿಯಲ್ಲಿ ಕಂಡ ಆ ಗೇಟು, ಎಂದರೆ ಕಾವಲನ್ನು ತಗ್ಗಿಸದೆ ಪರರ ಅಂಗವನ್ನು ಒಪ್ಪಿಕೊಳ್ಳುವ ಸಹಿಷ್ಣುತೆ, ಕೈಕಸಿಯಲ್ಲಿ ಇನ್ನೂ ವಾಡಿಕೆಯ ಚಿಕಿತ್ಸೆಯಾಗಿಲ್ಲ. ಅದಾದ ದಿನ ತೋಟದ ಆಳಿಗೂ ಮಣ್ಣನ್ನು ಬಿಡದೆ ಕೈ ದೊರೆಯುವುದು. ವಿಜ್ಞಾನ ಓದುವ ಮಿತ್ರರು ಆ ಕೆಲಸಕ್ಕೆ ಕೈ ಹಾಕಲಿ. ನಮ್ಮಂಥ ಕಲಾ ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ಆಸ್ಪತ್ರೆಯ ಕೈಪಿಡಿಯನ್ನು ಹಿಡಿದು ದಿಕ್ಕು ತೋಚದೆ ಕುಳಿತವರಿಗೆ ಅದನ್ನು ತಿಳಿಗನ್ನಡದಲ್ಲಿ ಓದಿ ಹೇಳುವುದು. ಈ ಪುಷ್ಯಮಾಸದಲ್ಲಿ ನಾನು ಊರಿಗೆ ಹೋದಾಗ ತಂದೆಯವರು ಜಗುಲಿಯ ಮೇಲೆ ಕುಳಿತು ಮೆಣಸಿನ ಕಸಿ ಕಟ್ಟುತ್ತಿದ್ದರು. ತಾಯಿ ಬೇರನ್ನು ಹಿಡಿದುಕೊಂಡಿದ್ದರು. ತಂದೆಯವರು ಎಡಗೈಯಿಂದ ಕುಡಿಯನ್ನು ಸೇರಿಸಿ ಪಟ್ಟಿ ಸುತ್ತುತ್ತಿದ್ದರು. ಹತ್ತಕ್ಕೆ ಏಳು ಹಿಡಿಯುತ್ತವೆಂದು ಹೇಳಿದರು.